ಗೋಡೆಯಾಚೆಯ ಅರ್ಧ

ಅಕ್ಕೋರ ಕೊರಳಿನ ಕಪ್ಪು ದಾರದಲ್ಲಿ ಶಿಲುಬೆಯ ಮಗ್ಗುಲಿಗೇ ಒಂದು ಬೀಗದ ಕೈ ತೂಗುತ್ತಿತ್ತು. ಬೆವರಿಗೆ ಆ ಕಬ್ಬಿಣ ತುಕ್ಕು ಬಿಟ್ಟು ಅವರ ರವಿಕೆಗಳಿಗೆಲ್ಲ ಎದೆಯ ನಡುವೆ ಒಂದು ಕಂದು ಕಲೆ ಆಗಿತ್ತು. ಎಷ್ಟು ತಿಕ್ಕಿದರೂ ಹೋಗದ ಕಲೆ. ಬಗ್ಗಿ ಬಟ್ಟೆ ಒಗೆಯುವಾಗ ಶಿಲುಬೆಗೆ ಕೀಲಿ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಶಿರಸಿಯ ನಮ್ಮ ಓಣಿಯಲ್ಲಿ ಆ ಸಪ್ಪಳ ಕೇಳಿದರೆ ಅಕ್ಕೋರು ಹಿತ್ತಲಿಗೆ ಬಂದರು ಎಂದು ತಿಳಿಯಬೇಕು. ಅದಕ್ಕಿಂತ ದೂರ ಅವರು ಹೋಗುತ್ತಿರಲಿಲ್ಲ.

ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಮಕ್ಕಳು ಕರೆದ ಹಾಗೆ ಮಕ್ಕಳ ಅಪ್ಪಂದಿರೂ ಅಜ್ಜಂದಿರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಮನೆಮಾತು ಕೊಂಕಣಿ. ಕ್ರಿಶ್ಚಿಯನ್ನರು. ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಬಹುಕಾಲ ಯಲ್ಲಾಪುರದ ರಸ್ತೆಯಲ್ಲೇ ಗಾಡಿ ಓಡಿಸಿದವರು. ಒಬ್ಬಳೇ ಮಗಳು ಗೋವೆಯಲ್ಲಿ ನರ್ಸು.

ನಾವು ಆ ಮನೆಯ ಇನ್ನೊಂದು ಅರ್ಧದಲ್ಲಿದ್ದೆವು. ಒಂದೇ ಮನೆಯನ್ನು ಯಜಮಾನ ನಡುವೆ ಗೋಡೆ ಎಬ್ಬಿಸಿ ಎರಡು ಬಾಡಿಗೆ ಮಾಡಿದ್ದ. ಇಟ್ಟಿಗೆ ಉಳಿಸುವ ಯೋಚನೆಯೋ ಏನೋ, ಗೋಡೆಯನ್ನು ತೊಲೆಯ ಮಟ್ಟಕ್ಕೇ ನಿಲ್ಲಿಸಿಬಿಟ್ಟಿದ್ದ. ಅದರ ಮೇಲೆ ಹಂಚಿನವರೆಗೆ ಬರೀ ಗಾಳಿ. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನಾವು ಹವ್ಯಕರು, ಮೀನಿನ ವಾಸನೆ ಒಗ್ಗದವರು ಎಂದು ಅಕ್ಕೋರು ಮೊದಲೇ ಗೋಡೆಯ ಮೇಲಿಂದ ಕೂಗಿ ಹೇಳುತ್ತಿದ್ದರು: "ಇವತ್ತು ಬಂಗುಡೆ ಹುರೀತೆ ಮಾರಾಯ್ತಿ, ಕಿಟಕಿ ತಕ್ಕ." ನಾನು ಕಿಟಕಿ ತೆಗೆದು ಕೂರುತ್ತಿದ್ದೆ. ಇಷ್ಟರಲ್ಲೇ ಇದ್ದ ನಮ್ಮ ಬಳಕೆ ಗಟ್ಟಿಯಾದದ್ದು ನನ್ನ ಬೆನ್ನು ಹೋದಮೇಲೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದವಳು ನೆಟ್ಟಗಾಗಲೇ ಇಲ್ಲ. ಡಾಕ್ಟರು ಬೆನ್ನುಮೂಳೆಯ ಫೋಟೋ ನೋಡಿ, ತಿಂಗಳುಗಟ್ಟಲೆ ಹಲಗೆಯ ಮೇಲೆ ಅಂಗಾತ ಮಲಗಿ ಎಂದರು. ಹಲಗೆಯ ಮಂಚ ಹಿಡಿಸುವುದು ಆ ನಡುಗೋಡೆಯ ಪಕ್ಕ ಮಾತ್ರ. ನಮ್ಮ ಮನೆಯವರಿಗೆ ಯಲ್ಲಾಪುರದ ಸೊಸೈಟಿಯಲ್ಲಿ ಕೆಲಸ. ಬೆಳಿಗ್ಗೆ ಅನ್ನ ಸಾರು ಮಾಡಿಟ್ಟು ಬಸ್ಸು ಹಿಡಿದರೆ ಮತ್ತೆ ಸಂಜೆಯೇ. ಅಲ್ಲಿಯವರೆಗೆ ನನಗೆ ಹಂಚು, ಹಂಚಿನ ಸಂದಿಯ ಜೇಡ, ಮತ್ತು ಗೋಡೆಯಾಚೆಯ ಪ್ರಾರ್ಥನೆ.

ಪ್ರಾರ್ಥನೆ ಎಂದರೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಎಂದು ನಾನು ತಿಳಿದಿದ್ದೆ. ಇದು ಹಾಗಲ್ಲ. ಗ್ಯಾಸು ಹಚ್ಚುವಾಗ ಶುರು. ಅಕ್ಕಿ ತೊಳೆಯುವಾಗ ಅದೇ, ಗಂಡನ ಮುಖ ತೊಳೆಸುವಾಗ, ಅಂಗಿಯ ಗುಂಡಿ ಹಾಕುವಾಗ, ಗಂಜಿ ಕುಡಿಸುವಾಗ, ನೆಲ ಒರೆಸುವಾಗ ಅದೇ. "ನಮಾನ್ ಮರಿಯೆ" ಎಂದು ಅಕ್ಕೋರು ಕೊಂಕಣಿಯಲ್ಲಿ ಆರಂಭಿಸಿ, ಮೇರಿ ತಾಯಿಯನ್ನು ಹೊಗಳುವ ಅರ್ಧ ಹೇಳಿ ನಿಲ್ಲಿಸುವುದು. ಒಂದು ಕ್ಷಣ ಬಿಟ್ಟು ಗಂಡನ ದಪ್ಪ ದನಿ "ಭಾಗೆವಂತ್ ಮರಿಯೆ" ಎಂದು ಉಳಿದ ಅರ್ಧ ಹಿಡಿಯುವುದು. ಪಾಪಿಗಳಾದ ನಮಗಾಗಿ ಈಗಲೂ ಸಾಯುವ ಹೊತ್ತಿನಲ್ಲೂ ಬೇಡಿಕೋ ಎಂದು ಅದರ ಅರ್ಥ. ಆಮೆನ್. ಮತ್ತೆ ಮೊದಲಿಂದ.

ನನಗೆ ತಲೆ ಚಿಟ್ಟು ಹಿಡಿಯಿತು. ಎದ್ದು ಹೋಗಲು ಬಾರದವಳ ಕಿವಿಗೆ ಇಷ್ಟು ಸುರಿದರೆ ದೇವರ ಹೆಸರೂ ಸೊಳ್ಳೆಯ ಗುಂಯ್ ಆಗುತ್ತದೆ. ಸಂಜೆ ಮನೆಯವರ ಹತ್ತಿರ ದೂರಿದೆ. ಅವರು ಕಾಲು ತೊಳೆಯುತ್ತ, "ದೇವ್ರ ಹೆಸ್ರಲ್ದನೇ ಹೇಳದು, ಹೇಳ್ಕಳ್ಲಿ ಬಿಡು" ಎಂದರು. ಇಡೀ ದಿನ ಕೇಳುವವರು ಅವರಲ್ಲವಲ್ಲ.

ಮಧ್ಯಾಹ್ನ ಡ್ರೈವರ್ ಸಾಹೇಬರು ನಿದ್ದೆ ಹೋದ ಸ್ವಲ್ಪ ಹೊತ್ತು ಅಕ್ಕೋರು ಹಿತ್ತಲ ಬಾಗಿಲಿನಿಂದ ನಮ್ಮ ಕಡೆ ಬರುತ್ತಿದ್ದರು. ನನ್ನ ತಲೆದಿಂಬು ಸರಿ ಮಾಡಿ, ಬಿಸಿ ನೀರು ಕೊಟ್ಟು, ಕೂದಲು ಬಾಚಿ ಹೋಗುತ್ತಿದ್ದರು. ಅಂಗನವಾಡಿಯ ಕೈ, ಜಡೆ ಎಳೆದು ಬಿಗಿದರೆ ಕಣ್ಣಲ್ಲಿ ನೀರು ಬರಬೇಕು. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ: "ಅಕ್ಕೋರೆ, ಇಷ್ಟೊಂದು ಹೇಳಿದ್ರೆ ದೇವರಿಗೆ ಬೇಜಾರಾಗೂದಿಲ್ವಾ?"

"ಆಗ್ಲಿ. ಕೇಳ್ಕಂಡಿರ್ಲಿ," ಎಂದರು ಬಾಚಣಿಗೆ ಬಿಡದೆ. ಜಡೆಯ ತುದಿ ಕಟ್ಟುತ್ತ ತಾವಾಗಿಯೇ ಹೇಳಿದರು. "ಅವ್ರಿಗೆ ಈಗ ನನ್ನ ಹೆಸ್ರೂ ಗೊತ್ತಿಲ್ಲೆ. ಹಸಿವೆ ಹೇಳಿ ಹೇಳೂಕೆ ಬರೂದಿಲ್ಲ. ಆದ್ರೆ ನಾನು ಅರ್ಧ ಹೇಳಿದ್ರೆ ಉಳಿದರ್ಧ ಹೇಳ್ತ್ರು. ಅಷ್ಟೇ ಉಳಿದದ್ದು ನಮ್ಗೆ ಮಾತು ಹೇಳಿ. ಇದು ಪ್ರಾರ್ಥನೆ ಹೌದೋ ಅಲ್ವೋ, ನಂಗೂ ಗೊತ್ತಿಲ್ಲೆ."

ಆಮೇಲೆ ನನಗೆ ಆ ದನಿಗಳು ಬೇರೆಯಾಗಿ ಕೇಳತೊಡಗಿದವು. ಇನ್ನೂ ಸ್ವಲ್ಪ ದಿನಕ್ಕೆ ಬೀಗದ ಕಥೆಯೂ ಗೊತ್ತಾಯಿತು. ಮರೆವು ಶುರುವಾದ ಹೊಸತರಲ್ಲಿ ಸಾಹೇಬರು ಖಾಕಿ ಅಂಗಿ ತೊಟ್ಟು ಹೊರಗೆ ಬಿದ್ದು, ಸ್ಟಾಫ್ ಎಂದು ಹೇಳಿ ಬಸ್ಸು ಹತ್ತಿ ಹೋಗಿದ್ದರು. ಯಲ್ಲಾಪುರದ ದಾರಿಯ ಮಂಚಿಕೇರಿಯಲ್ಲಿ ಯಾವುದೋ ನಿಂತ ಲಾರಿಯ ಸ್ಟೇರಿಂಗ್ ಹಿಡಿದು ಕೂತು, "ಹತ್ತಿ, ಹತ್ತಿ, ಗಾಡಿ ಹೊರಡ್ತದೆ" ಎಂದು ಪೇಟೆಯವರನ್ನೆಲ್ಲ ಕರೆಯುತ್ತಿದ್ದವರನ್ನು ಗುರುತಿನವರು ಯಾರೋ ಇಳಿಸಿ ಕಳಿಸಿದರು. ಅಂದಿನಿಂದ ಜಗಲಿಯ ಗ್ರಿಲ್ಲಿಗೆ ಒಳಗಿನಿಂದ ಬೀಗ. ಅಕ್ಕೋರು ಭಾನುವಾರದ ಪೂಜೆಗೆಂದು ಇಗರ್ಜಿಗೆ ಹೋಗುವುದು ನಿಂತಿತು. ತರಕಾರಿ ಕೈಗಾಡಿಯವನಿಂದ ಗ್ರಿಲ್ಲಿನ ಸಂದಿಯಲ್ಲಿ. ತಿಂಗಳಿಗೊಮ್ಮೆ ಪಾದ್ರಿಗಳೇ ಬಂದು ಪರಮಪ್ರಸಾದ ಕೊಟ್ಟು ಹೋಗುತ್ತಿದ್ದರು. ಎಡೆಬಿಡದೆ ಪ್ರಾರ್ಥಿಸುವ ಇಂಥ ಮನೆ ಊರಿಗೇ ಮೇಲ್ಪಂಕ್ತಿ ಎಂದು ಅವರು ಹೊಗಳಿದ್ದು ನನಗೆ ಗೋಡೆಯ ಮೇಲಿಂದ ಕೇಳಿಸಿತ್ತು. ಅವರು ಹೋದಮೇಲೆ ಅಕ್ಕೋರು ಗ್ರಿಲ್ಲಿಗೆ ಬೀಗ ಹಾಕಿದ್ದೂ ಕೇಳಿಸಿತು.

ಅವರ ಜಪಸರ ಗೋಡೆಯ ಮೊಳೆಯಲ್ಲೇ ಇರುತ್ತಿತ್ತು. "ಮಣಿ ಹಿಡಿಯೂಕೆ ನಂಗೆ ಮೂರನೇ ಕೈ ಎಲ್ಲಿದ್ದು?" ಎನ್ನುತ್ತಿದ್ದರು. ಒಮ್ಮೆ ಮಾತ್ರ ಸ್ವಲ್ಪ ಗಂಭೀರವಾಗಿ, "ಖಾಲಿ ಕೈಲಿ ದೇವ್ರ ಹತ್ರ ಮಾತಾಡೂಕೆ ನಂಗೆ ಬರೂದೇ ಇಲ್ಲ ಈಗ" ಎಂದಿದ್ದರು. ನಾನು ತಮಾಷೆ ಎಂದುಕೊಂಡೆ.

ಹೀಗಿರುವಾಗ ಅಕ್ಕೋರ ಗಂಟಲು ಕೈಕೊಟ್ಟಿತು. ಮೊದಲು ದನಿ ಒಡೆಯಿತು, ಆಮೇಲೆ ಬರೀ ಗಾಳಿ ಬರತೊಡಗಿತು. ಮಗಳು ಗೋವೆಯಿಂದ ಬಂದು ಡಾಕ್ಟರಿಗೆ ತೋರಿಸಿದಳು. ಗಂಟಲೊಳಗೆ ಗಂಟು ಎದ್ದಿದೆ, ಒಂದು ತಿಂಗಳು ಮಾತು ಕೂಡದು, ಪಿಸುಮಾತೂ ಕೂಡದು ಎಂದು ಅವರು ಕಟ್ಟುನಿಟ್ಟು ಮಾಡಿದರು. ಮಾತಾಡಿದರೆ ದನಿ ಪೂರಾ ಹೋದೀತು. ರಜೆ ಇದ್ದಷ್ಟು ದಿನ ಮಗಳು ಇದ್ದಳು, ಅರ್ಧ ಹೇಳಿ ಅಪ್ಪನನ್ನು ಸಮಾಧಾನ ಮಾಡಿದಳು. ನಂತರ ಅಳುತ್ತ ಬಸ್ಸು ಹತ್ತಿದಳು.

ಅವಳು ಹೋದ ಮಧ್ಯಾಹ್ನ ನಾನು ಸಾಯುವತನಕ ಮರೆಯುವುದಿಲ್ಲ. ಗೋಡೆಯಾಚೆ ಪ್ರಾರ್ಥನೆ ಇಲ್ಲ. ಇಷ್ಟು ದಿನ ಬೇಡುತ್ತಿದ್ದ ಮೌನ ಸಿಕ್ಕಿತು ಎಂದು ಕಣ್ಣು ಮುಚ್ಚುವಷ್ಟರಲ್ಲಿ ಗ್ರಿಲ್ಲು ಅಲುಗಾಡಿತು. "ಗಾಡಿಗೆ ಹೊತ್ತಾಯ್ತು, ತೆಗೀರಿ." ಬೀಗ ಕಬ್ಬಿಣಕ್ಕೆ ಬಡಿಯುವ ಸದ್ದು. "ಜನ ಕಾಯ್ತಾ ಇದ್ದಾರೆ, ತೆಗೀರಿ." ಮತ್ತೆ ಸದ್ದು. ಅಕ್ಕೋರು ಅವರನ್ನು ಹಿಡಿದೆಳೆಯುವುದು, ಚಪ್ಪಲಿ ಜಾರುವುದು, ಏದುಸಿರು, ಎಲ್ಲ ಕೇಳುತ್ತಿದೆ, ಮಾತಿಲ್ಲ. ಆಮೇಲೆ ಸಾಹೇಬರು ಅಳತೊಡಗಿದರು. ಅಷ್ಟು ದೊಡ್ಡ ಆಳು, ದಾರಿ ತಪ್ಪಿದ ಮಗುವಿನ ಹಾಗೆ.

ನನಗೆ ಏಳಲು ಬಾರದು. ಕಿವಿ ಮುಚ್ಚಿಕೊಂಡೆ. ಸಾಕಾಗಲಿಲ್ಲ. ಕೊನೆಗೆ ಹಂಚಿನ ಕಡೆ ಮುಖ ಮಾಡಿ, ತರಗತಿಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ, "ನಮಾನ್ ಮರಿಯೆ" ಎಂದೆ. ಪೂರ್ತಿ ಅರ್ಧ ಹೇಳಿದೆ. ಒಂದು ಶಬ್ದವೂ ನಾನು ಕಲಿತದ್ದಲ್ಲ, ಮಲಗಿದಲ್ಲೇ ಕಿವಿಯೊಳಗೆ ಬೇರು ಬಿಟ್ಟದ್ದು. ಗ್ರಿಲ್ಲಿನ ಸದ್ದು ನಿಂತಿತು. ಕಾಲೆಳೆಯುತ್ತ ಗೋಡೆಯ ಕಡೆ ಬರುವ ಸದ್ದು. ಆಮೇಲೆ ಗೋಡೆಯ ಹತ್ತಿರದಿಂದಲೇ ಆ ದಪ್ಪ ದನಿ, ಮೂಗು ಏರಿಸಿಕೊಳ್ಳುತ್ತ, "ಭಾಗೆವಂತ್ ಮರಿಯೆ" ಎಂದಿತು.

ಮರುದಿನ ಅಕ್ಕೋರು ಹಳೆಯ ಅಂಗನವಾಡಿ ಸ್ಲೇಟು ಹಿಡಿದು ಬಂದರು. ಧನ್ಯವಾದ ಬರೆದಿರಬಹುದು ಎಂದು ನೋಡಿದರೆ, ದುಂಡಗಿನ ಅಕ್ಷರದಲ್ಲಿ, "ಅವರಿಗೆ ಬಲಗಿವಿ ಮಂದ. ಜೋರಾಗಿ ಹೇಳು. ಗಡಿಬಿಡಿ ಮಾಡಬೇಡ" ಎಂದಿತ್ತು. ಟೀಚರಿಗೇ ಪಾಠ. ನಗು ಬಂದು ಬೆನ್ನು ಚಳುಕು ಹೊಡೆಯಿತು.

ಆ ತಿಂಗಳು ನಾನು ಹೇಳುತ್ತ ಹೋದೆ. ಅಕ್ಕೋರು ಗಂಜಿ ಕುಡಿಸಲು ಕೂತರೆ ಗೋಡೆಗೆ ಎರಡು ಬಾರಿ ಬಡಿಯುತ್ತಿದ್ದರು, ಅದು ನನಗೆ ಗಂಟೆ. ನಾನು ಅರ್ಧ ಹೇಳಿದರೆ ಅತ್ತ ಸಾಹೇಬರ ಬಾಯಿ ತೆರೆಯುತ್ತಿತ್ತು. ಅವರಿಗೆ ಗೋಡೆಯ ಮೇಲೆ ಪ್ರೀತಿ ಹುಟ್ಟಿತು. ಕುರ್ಚಿ ಎಳೆದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಒಂದು ದಿನ ಆಮೆನ್ ಹೇಳಿದ ಮೇಲೆ, ಊಟ ಆಯಿತೇ ಎಂದು ಕೊಂಕಣಿಯಲ್ಲಿ ಗೋಡೆಯನ್ನು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಬಂದ ಸ್ವಂತ ಮಾತು ಅದು. ಅವರ ಹೆಂಡತಿ ಚಮಚ ಹಿಡಿದು ಪಕ್ಕದಲ್ಲೇ ಕೂತಿದ್ದರು. ನಾನು ಮತ್ತೆ "ನಮಾನ್ ಮರಿಯೆ" ಎಂದು ಮೊದಲಿಂದ ಶುರು ಮಾಡಿದೆ.

ತಿಂಗಳು ಕಳೆದು ಅಕ್ಕೋರ ದನಿ ಬಂತು. ಬಂದದ್ದು ಬೇರೆ ದನಿ, ಗರಗಸದಂಥದ್ದು. ಅಂದು ಅವರು ಬೇಗ ಎದ್ದು, ಗ್ಯಾಸು ಹಚ್ಚಿ, "ನಮಾನ್ ಮರಿಯೆ" ಎಂದು ಅರ್ಧ ಹೇಳಿ ನಿಲ್ಲಿಸಿದರು. ಉತ್ತರ ಇಲ್ಲ. ಮತ್ತೆ ಹೇಳಿದರು. ಇಲ್ಲ. ಕುರ್ಚಿ ಗೋಡೆಯ ಕಡೆ ಸರಿದದ್ದು ಕೇಳಿಸಿತು. ದೇವರೇ, ಹೇಳಲಿ, ಅಕ್ಕೋರಿಗೇ ಹೇಳಲಿ ಎಂದು ಬೇಡಿಕೊಂಡೆ, ಯಾವ ದೇವರನ್ನೋ ಗೊತ್ತಿಲ್ಲ. ಮೂರನೆಯ ಸಲ ಅಕ್ಕೋರು ಅರ್ಧ ಹೇಳಿ ಕಾದರು. ಆಮೇಲೆ ಆ ಗರಗಸದ ದನಿ ಗೋಡೆ ಹಾರಿ ಬಂತು: "ಹೇಳು ಮಾರಾಯ್ತಿ. ನಿನ್ನೇ ಕಾಯ್ತಾ ಇದ್ರು."

ಹೇಳಿದೆ. "ಭಾಗೆವಂತ್ ಮರಿಯೆ" ಎಂದು ಅತ್ತಲಿಂದ ಈಗ ಎರಡು ದನಿ ಬಂತು. ಮೊದಲ ಅರ್ಧ ನನಗೆ ಬಿಟ್ಟು ಅಕ್ಕೋರು ಗಂಡನ ಜೊತೆ ಉತ್ತರದ ಅರ್ಧಕ್ಕೆ ಸರಿದಿದ್ದರು. ಮಧ್ಯಾಹ್ನ ನನ್ನ ಜಡೆ ಹಾಕುತ್ತ, "ನನ್ನ ಗಂಡನ್ನ ಒಂದು ತಿಂಗಳಲ್ಲೇ ಒಳಗೆ ಹಾಕ್ಕಂಡೆ ನೀನು" ಎಂದು ಜೋರಾಗಿ ಎಳೆದರು. ನಕ್ಕರು. ಆಮೇಲೆ ಹಾಕಿದ ಜಡೆ ಬಿಚ್ಚಿ ಮತ್ತೆ ಮೊದಲಿಂದ ಹಾಕಿದರು.

ನನ್ನ ಬೆನ್ನು ಸರಿಯಾಯಿತು. ಶಾಲೆಗೆ ಹೋಗತೊಡಗಿದೆ. ಈಗ ನಿಜವಾದ ಕಷ್ಟ ಶುರುವಾಯಿತು. ಬೆಳಿಗ್ಗೆ ಪಲ್ಯ ಹೆಚ್ಚುತ್ತ ಗೋಡೆಗೆ ಮುಖ ಮಾಡಿ ಹೇಳಬೇಕು. ಶಾಲೆ ಬಿಟ್ಟೊಡನೆ ಓಡಿ ಬರಬೇಕು, ಸಾಹೇಬರು ಹಗಲೆಲ್ಲ ಅರೆಹೊಟ್ಟೆಯಲ್ಲಿ ಗ್ರಿಲ್ಲು ಹಿಡಿದು ನಿಂತಿರುತ್ತಿದ್ದರು. ತವರಿಗೆ ಸಿದ್ದಾಪುರಕ್ಕೆ ಹೋದರೆ ಉಳಿಯುವಂತಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಮುಖ ಸಣ್ಣ ಮಾಡುತ್ತಿದ್ದಳು. ಗೂಟಕ್ಕೆ ಕಟ್ಟಿದ ದನದ ಹಾಗೆ ಹಗ್ಗದ ಉದ್ದವೇ ನನ್ನ ಲೋಕವಾಯಿತು. ಅಕ್ಕಿ ತೊಳೆಯುವಾಗ, ಬಟ್ಟೆ ಹಿಂಡುವಾಗ, ಕೊನೆಗೆ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುವಾಗಲೂ ನನ್ನ ಬಾಯಿ ತಾನಾಗಿ ಅದನ್ನೇ ಹೇಳುತ್ತಿತ್ತು.

ಅಷ್ಟರಲ್ಲಿ ನಮ್ಮ ಮನೆಯವರಿಗೆ ಯಲ್ಲಾಪುರದಲ್ಲಿ ಒಳ್ಳೆಯ ಬಾಡಿಗೆ ಮನೆ ಸಿಕ್ಕಿತು. ನನಗೂ ಅಲ್ಲಿಗೆ ವರ್ಗ ಮಾಡಿಸಿಕೊಳ್ಳುವ ದಾರಿ ಇತ್ತು. ಬಸ್ಸಿನ ತಿರುಗಾಟದಿಂದ ಅವರು ಸವೆದುಹೋಗಿದ್ದರು. "ಈಗ ಆನು ಬತ್ನಿಲ್ಲೆ" ಎಂದು ಬರಲು ಒಪ್ಪದೆ ಕೂತೆ. ಇವಳಿಗೇನಾಯಿತು ಎನ್ನುವ ಹಾಗೆ ಅವರು ನನ್ನ ಮುಖವನ್ನೇ ನೋಡಿ, "ನಿಂಗೆ ಎಂತ ಆಜು?" ಎಂದರು. ಜಾಣರು, ಉಪಾಯ ಹೂಡಿದರು. ನನ್ನ ದನಿಯನ್ನು ಫೋನಿನಲ್ಲಿ ಹಿಡಿದು, ನಡುವೆ ಜಾಗ ಬಿಟ್ಟು, ಅಕ್ಕೋರಿಗೆ ಕೊಟ್ಟರು. ಸಾಹೇಬರು ಒಮ್ಮೆ ಬೇಗ ಹೇಳುವವರು, ಒಮ್ಮೆ ಶಬ್ದ ಹುಡುಕುತ್ತ ನಿಲ್ಲುವವರು. ಫೋನು ಅವರಿಗಾಗಿ ಕಾಯಲಿಲ್ಲ. ಎರಡನೆಯ ದಿನ ಅವರು ಅದನ್ನು ಬಕೆಟ್ಟಿಗೆ ಹಾಕಿದರು.

ಆ ಸಂಜೆ ನನ್ನ ತಾಳ್ಮೆ ಹರಿಯಿತು. ಅವರ ಗ್ರಿಲ್ಲಿನ ಮುಂದೆ ನಿಂತು ಹೇಳಿಯೇಬಿಟ್ಟೆ: "ಅಕ್ಕೋರೆ, ನೀವು ನಂಗೂ ಬೀಗ ಹಾಕಿಬಿಟ್ರಿ."

ಅವರು ದಾರವನ್ನು ತಲೆಯ ಮೇಲಿಂದ ತೆಗೆದು ಬೀಗ ತೆರೆದರು. ನನ್ನನ್ನು ಒಳಗೆ ಕರೆದು, ದಾರವನ್ನು ನನ್ನ ಕೊರಳಿಗೇ ಹಾಕಿದರು. "ಸ್ವಲ್ಪ ಹೊತ್ತು ಕೂತ್ಕ. ಇಗರ್ಜಿಗೆ ಹೋಗಿ ಬರ್ತೆ," ಎಂದು ಚಪ್ಪಲಿ ಮೆಟ್ಟಿ ಹೊರಟರು. ನಾನು ಒಳಗಿನಿಂದ ಬೀಗ ಹಾಕಿ, ಸಾಹೇಬರ ಪಕ್ಕ ಕೂತು ಅರ್ಧ ಹೇಳಿದೆ. ದನಿ ಗೋಡೆಯಿಂದ ಬರದೆ ಪಕ್ಕದಿಂದ ಬಂತೆಂದು ಅವರು ಗಾಬರಿಯಾದರು. ನನ್ನ ಮುಖ ನೋಡಿದರು, ಗೋಡೆ ನೋಡಿದರು. ಆಮೇಲೆ ನನ್ನ ಕೊರಳ ಕೀಲಿಯನ್ನು ಹಿಡಿದುಕೊಂಡು ಮೆಲ್ಲಗೆ ಉಳಿದರ್ಧ ಹೇಳಿದರು. ಕೀಲಿ ಬೆಚ್ಚಗಿತ್ತು. ಇಷ್ಟು ವರ್ಷ ಅಕ್ಕೋರು ಹೊತ್ತದ್ದು ಇದನ್ನು ಎಂದು ನನಗೆ ಅಳು ಬಂತು.

ಅಕ್ಕೋರು ನಾನು ಎಣಿಸಿದ್ದಕ್ಕಿಂತ ಬೇಗ ಬಂದರು, ಸೆರಗಿನಲ್ಲಿ ಒಂದಿಷ್ಟು ಬೀನ್ಸು ಕಟ್ಟಿಕೊಂಡು. "ಆಯ್ತಾ ಪ್ರಾರ್ಥನೆ?" ಎಂದೆ.

"ಎಂತದೂ ಆಗ್ಲಿಲ್ಲೆ. ಬೆಂಚಿನ ಮೇಲೆ ಕೂತೆ. ಕೈ ಎಲ್ಲಿ ಇಡೂದು ಹೇಳೇ ಗೊತ್ತಾಗ್ಲಿಲ್ಲೆ. ಬಾಗಿಲು ಪೂರಾ ತೆರೆದಿತ್ತು, ಯಾರಾದ್ರೂ ಎದ್ದು ಹೋಗ್ತ್ರು ಹೇಳಿ ಅದ್ನೇ ನೋಡ್ತಾ ಇದ್ದೆ." ಬೀನ್ಸು ಮುರಿಯುತ್ತ ಕೂತರು. "ನೀನು ಯಲ್ಲಾಪುರಕ್ಕೆ ಹೋಗು. ಬೇಡ ಹೇಳೂದಿಲ್ಲ ನಾನು. ಆದ್ರೆ ಹೋಗೂ ದಿನ ಮೊದ್ಲೇ ಹೇಳು. ಕುರ್ಚಿ ಆ ಗೋಡೆಯಿಂದ ತೆಗೀಬೇಕು."

ಹೋಗಲಿಲ್ಲ ನಾನು. ಒಳ್ಳೆಯವಳೆಂದಲ್ಲ. ಆ ಖಾಲಿ ಗೋಡೆಯ ಮುಂದೆ ಒಬ್ಬ ಮನುಷ್ಯ ಕಾಯುತ್ತ ಕೂತಿರುವುದನ್ನು ನೆನೆದರೆ ಯಲ್ಲಾಪುರದ ಮನೆಯಲ್ಲಿ ಅನ್ನ ಇಳಿಯುವುದಿಲ್ಲ ಎಂದು ಗೊತ್ತಿತ್ತು. ಮನೆಯವರು ಗೊಣಗುತ್ತ ಇನ್ನೊಂದು ಮಳೆಗಾಲ ಬಸ್ಸಿಗೆ ಹೋದರು.

ಒಂದು ಬೆಳಿಗ್ಗೆ ಕುಕ್ಕರಿಗೆ ಅಕ್ಕಿ ಹಾಕುತ್ತ ಅರ್ಧ ಹೇಳಿದೆ. ಅತ್ತಲಿಂದ ಒಂದೇ ದನಿ ಬಂತು, ಗರಗಸದ್ದು. ನಡುವೆ ಎಲ್ಲೂ ತಡವರಿಸದೆ, ಸಾಯುವ ಹೊತ್ತಿನ ಮಾತನ್ನೂ ಹೇಳಿ, ಆಮೆನ್ ಎಂದಿತು. ನಾನು ಸೌಟು ಹಿಡಿದೇ ನಿಂತೆ. "ಅಕ್ಕೋರೆ?" ಎಂದೆ. "ಇನ್ನೊಂದು ಹೇಳು," ಎಂದರು. ಹೇಳಿದೆ. ಮತ್ತೂ ಹೇಳಿದೆ. ಅವರು ಸಾಕು ಎಂದ ಮೇಲೆ ಗ್ರಿಲ್ಲಿನ ಬೀಗ ತೆರೆದ ಸದ್ದು ಕೇಳಿಸಿತು. ಓಡಿ ಹೋದರೆ ಜಗಲಿಯ ಎರಡೂ ಕದ ಅಗಲಕ್ಕೆ ತೆರೆದಿದ್ದವು. ಸಾಹೇಬರು ಒಳಗೆ ಮಂಚದ ಮೇಲೆ ಸಮಾಧಾನವಾಗಿ ಮಲಗಿದ್ದರು, ಎದೆಯ ಏರಿಳಿತ ನಿಂತಿತ್ತು. ಅಕ್ಕೋರು ಅವರ ಅಂಗಿಗೆ ಗುಂಡಿ ಹಾಕುತ್ತಿದ್ದರು. "ಹೋಗ್ಲಿ ಈಗ ಡ್ಯೂಟಿಗೆ," ಎಂದರು.

ಆಮೇಲೆ ನಾವು ಯಲ್ಲಾಪುರಕ್ಕೆ ಬಂದೆವು. ಅಕ್ಕೋರು ಮಗಳ ಜೊತೆ ಹೋಗದೆ ಅಲ್ಲೇ ಉಳಿದರು. ಬೀಗ ತೆಗೆದಿಟ್ಟರೂ ಕೊರಳ ಕೀಲಿ ತೆಗೆಯಲಿಲ್ಲ. ಹೊರಗೆ ಹೋಗುವುದೂ ಅಷ್ಟಕ್ಕಷ್ಟೆ. ಸಂಜೆ ನಾನು ಫೋನು ಮಾಡಿ ಅರ್ಧ ಹೇಳುತ್ತಿದ್ದೆ, ಅವರು ಉಳಿದರ್ಧ ಹೇಳುತ್ತಿದ್ದರು. ಅತ್ತ ಪಾತ್ರೆಯ ಸದ್ದು, ಇತ್ತ ನನ್ನ ಪಾತ್ರೆಯ ಸದ್ದು. ಕ್ಷೇಮ ಸಮಾಚಾರ ಬೇರೆ ಇರುತ್ತಿರಲಿಲ್ಲ. ಒಂದು ಸಂಜೆ ಫೋನು ಎತ್ತಿದ್ದು ಮಗಳು. ಅಮ್ಮ ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದಲ್ಲೇ ಹೋದರು, ಹಿಂಡಿದ ಸೀರೆ ಕೈಯಲ್ಲೇ ಇತ್ತು ಎಂದಳು. ಕೈ ಖಾಲಿ ಇರಲಿಲ್ಲವಲ್ಲ ಎಂಬುದೊಂದೇ ನನಗೆ ಹೊಳೆದದ್ದು.

ನಾನು ಹವ್ಯಕರ ಮನೆಯ ಹೆಂಗಸು, ದಿನಾ ದೇವರಿಗೆ ದೀಪ ಹಚ್ಚುತ್ತೇನೆ. ಆದರೆ ಅಕ್ಕಿ ತೊಳೆಯುವಾಗ ಬಾಯಿ ಇವತ್ತಿಗೂ "ನಮಾನ್ ಮರಿಯೆ" ಎನ್ನುತ್ತದೆ. ಬಿಡೋಣವೆಂದರೆ ಬಿಡುವುದಿಲ್ಲ. ಅರ್ಧ ಹೇಳಿ ನಿಲ್ಲುತ್ತೇನೆ. ಈ ಮನೆಯ ಅಡುಗೆಕೋಣೆಯ ಗೋಡೆಯಾಚೆ ಬರೀ ರಸ್ತೆ, ಲಾರಿಗಳು. ಆದರೂ ಅತ್ತ ಮುಖ ಮಾಡಿ, ಸಾಹೇಬರು ಶಬ್ದ ಹುಡುಕಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ಕಾಯುತ್ತೇನೆ.

ಮೊನ್ನೆ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅದೇ ಗೋಡೆಯ ಪಕ್ಕ ವರ್ಷಗಟ್ಟಲೆ ಮಲಗಿದವರು, ಅವರಿಗೂ ಬಾಯಿಪಾಠ ಇರಬೇಕು. ಅಳುಕುತ್ತ ಕೇಳಿದರು: "ಉಳಿದರ್ಧ ಆನು ಹೇಳ್ಲಾ?"

"ಬ್ಯಾಡ," ಎಂದೆ. ಇನ್ನೂ ಸ್ವಲ್ಪ ಹೊತ್ತು ಕಾದು, ಕುಕ್ಕರಿನ ಮುಚ್ಚಳ ಹಾಕಿದೆ.